ಅಡ್ಡ ನಿಂತವಳು

ಸಭೆ ನಡೆಸುವ ಎಲಮ್ ಪಿಕೆಟ್ ಠರಾವನ್ನು ಓದಿ ಮುಗಿಸಿ, ಕನ್ನಡಕ ತೆಗೆದು ಮಡಿಚಿ ಮೇಜಿನ ಮೇಲಿಟ್ಟ. ಸಭಾಮನೆಯ ಕಿಟಕಿಗಳೆಲ್ಲ ತೆರೆದಿದ್ದರೂ ಒಂದು ಎಳೆ ಗಾಳಿ ಇರಲಿಲ್ಲ. "ಗೆಳೆಯರೆಲ್ಲ ಒಪ್ಪಿದ್ರೆ ಇದನ್ನ ಕಳಿಸೋಣ" ಎಂದ. ಬೆಂಚುಗಳ ಮೇಲಿನ ತಲೆಗಳು ಒಂದರ ಹಿಂದೊಂದು ಬಾಗಿದವು. ಹೆಂಗಸರ ಕಡೆಯ ಮೂರನೆಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದ ಓರ್ಫಾ ಹಾಕೆಟ್ ಮಾತ್ರ ತಲೆ ಬಾಗಿಸಲಿಲ್ಲ. ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡು ಎದ್ದು ನಿಂತಳು.

"ನನ್ನ ಒಪ್ಪಿಗೆ ಇಲ್ಲ. ಹೋದ ಎರಡು ತಿಂಗಳೂ ಇರ್ಲಿಲ್ಲ, ಈ ತಿಂಗಳೂ ಇಲ್ಲ."

ಅಷ್ಟು ಹೇಳಿ ಕೂತಳು. ಮಿಲ್‌ಗ್ರೋವ್‌ನ ಕ್ವೇಕರರಲ್ಲಿ, ಒಬ್ಬರನ್ನೊಬ್ಬರು 'ಗೆಳೆಯರು' ಎನ್ನುವ ಆ ಕ್ರೈಸ್ತ ಪಂಥದವರಲ್ಲಿ, ಕೈಯೆತ್ತಿ ಎಣಿಸುವ ಪದ್ಧತಿ ಇಲ್ಲ. ಎಲ್ಲರ ಮನಸ್ಸೂ ಒಂದಾಗುವವರೆಗೆ ಕಾಯುತ್ತಾರೆ. ಒಬ್ಬರು ಅಡ್ಡ ನಿಂತರೂ ಕೆಲಸ ನಿಂತಿತು. ಇಂಥ ಬಳಗದಲ್ಲಿ ಜಗಳವೂ ಮೌನದಲ್ಲೇ ನಡೆಯುವುದರಿಂದ ಅದು ಬೇಗ ಮುಗಿಯುವುದಿಲ್ಲ. ಎಲಮ್ ಪಿಕೆಟ್ ಕನ್ನಡಕವನ್ನು ಮತ್ತೆ ಹಾಕಿಕೊಂಡು, "ಹಾಗಾದ್ರೆ ಎಂಟನೇ ತಿಂಗಳಿಗೆ ನೋಡೋಣ" ಎಂದು ಬರೆದುಕೊಂಡ. ಆಗಸ್ಟ್ ಎನ್ನುವುದು ಯಾವುದೋ ರೋಮನ್ ದೊರೆಯ ಹೆಸರೆಂದು ಅಲ್ಲಿನ ಹಳಬರು ಅದನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಬಿರುದುಗಳನ್ನೂ ಆಡುತ್ತಿರಲಿಲ್ಲ. ನ್ಯಾಯಾಧೀಶನಾದರೂ ಸರಿ, ರಾಜ್ಯಪಾಲನಾದರೂ ಸರಿ, ಹೆಸರು ಹಿಡಿದು 'ನೀನು' ಎನ್ನುತ್ತಿದ್ದರು. ದೇವರ ಮುಂದೆ ಎಲ್ಲರೂ ಒಂದೇ ಎಂಬುದು ಅವರ ನಂಬಿಕೆ. ಹಾಗಾಗಿ ಎಲಮ್ ಓದಿದ ಠರಾವಿನಲ್ಲಿ ದೇಶದ ಅಧ್ಯಕ್ಷನೂ ಬರೀ ರಿಚರ್ಡ್ ನಿಕ್ಸನ್ ಆಗಿದ್ದ.

ಆ ನಿಕ್ಸನ್ ಕ್ವೇಕರ್ ತಾಯಿಯ ಮಗ. ದೂರದ ಕ್ಯಾಲಿಫೋರ್ನಿಯಾದ ಒಂದು ಸಭೆಯ ಪಟ್ಟಿಯಲ್ಲಿ ಅವನ ಹೆಸರು ಇನ್ನೂ ಇತ್ತು. ಯುದ್ಧವೇ ಪಾಪ, ಸುಳ್ಳೇ ಪಾಪ ಎನ್ನುವ ಬಳಗದವನು ವಿಯೆಟ್ನಾಮಿನ ಮೇಲೆ ಬಾಂಬು ಸುರಿಸಿದ, ವಾಷಿಂಗ್ಟನ್ನಿನಲ್ಲಿ ಎದುರು ಪಕ್ಷದ ಕಚೇರಿಗೆ ನುಗ್ಗಿದ ತನ್ನ ಕಡೆಯ ಕಳ್ಳರನ್ನು ಬಚ್ಚಿಟ್ಟು ದೇಶಕ್ಕೆಲ್ಲ ಸುಳ್ಳು ಹೇಳಿದ, ದಯವಿಟ್ಟು ಅವನ ಹೆಸರನ್ನು ಹೊಡೆದುಹಾಕಿ ಎಂದು ಆ ಸಭೆಯನ್ನು ಕೇಳಿಕೊಳ್ಳುವುದು ಮಿಲ್‌ಗ್ರೋವಿನವರ ಆಸೆ. ಅಯೋವಾದ ಒಂದು ಮೂಲೆಯ ಹಂದಿ ಸಾಕುವ, ಮೆಕ್ಕೆಜೋಳ ಬೆಳೆಯುವ ಜನ ಬರೆದದ್ದನ್ನು ಯಾರು ಓದುತ್ತಾರೋ ಗೊತ್ತಿರಲಿಲ್ಲ. ಆದರೂ ಬರೆಯಬೇಕಿತ್ತು. ಓರ್ಫಾ ಒಬ್ಬಳು ಬಿಡುತ್ತಿರಲಿಲ್ಲ.

ಸಭೆ ಮುಗಿಯುವುದು ಕೈಕುಲುಕಿನಿಂದ. ಎದುರು ಬೆಂಚಿನಲ್ಲಿ ಕೂತ ಹಿರಿಯ ಪಕ್ಕದವನ ಕೈ ಹಿಡಿದು ಕುಲುಕುತ್ತಾನೆ, ಅವನು ಇನ್ನೊಬ್ಬನದು, ಹೀಗೆ ಬೆಂಚಿನಿಂದ ಬೆಂಚಿಗೆ ಅದು ಹರಡುತ್ತದೆ. ವಸಂತದವರೆಗೂ ಓರ್ಫಾಳ ಕೈ ಹಿಡಿಯುತ್ತಿದ್ದವಳು ಹಲ್ಡಾ ಸ್ಟ್ಯಾನ್ಲಿ. ಈಗ ಹಲ್ಡಾ ಐದನೆಯ ಬೆಂಚಿನಲ್ಲಿ ಕೂರುತ್ತಾಳೆ. ಯಾಕೆಂದು ಅವಳು ಹೇಳಲಿಲ್ಲ, ಓರ್ಫಾ ಕೇಳಲೂ ಇಲ್ಲ. ಸುತ್ತಲೂ ಕೈಗಳು ಕುಲುಕಾಡುವಾಗ ಓರ್ಫಾ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಾಳೆ.

ಹೊರಗೆ ಎಲ್ಮ್ ಮರದ ನೆರಳಿನಲ್ಲಿ ಪಿಕಪ್ಪು ನಿಂತಿತ್ತು. ಮಗ ಲೋವೆಲ್ ಒಳಗೆ ಕೂತಿದ್ದ. ಪ್ರತಿ ವಾರ ಅವಳನ್ನು ಕರೆತಂದು ಬಿಡುತ್ತಾನೆ, ಸಭೆ ಮುಗಿಯುವವರೆಗೆ ಅಲ್ಲೇ ಕೂರುತ್ತಾನೆ, ಒಳಗೆ ಮಾತ್ರ ಕಾಲಿಡುವುದಿಲ್ಲ.

"ಮುಗೀತಾ?" ಎಂದ.

"ಮುಂದಕ್ಕೆ ಹೋಯ್ತು."

ಅವನು ಗಾಡಿ ಹೊರಡಿಸಿದ.

*

ಲೋವೆಲ್ ನೌಕಾಪಡೆಯ ವಿಮಾನ ಹಾರಿಸುತ್ತೇನೆಂದು ಹೊರಟಾಗ ಮಿಲ್‌ಗ್ರೋವಿನ ಬಳಗ ಒಂದು ಚಳಿಗಾಲವಿಡೀ ಕೊರಗಿತ್ತು. ಕ್ವೇಕರರ ಹುಡುಗ ಬಾಂಬು ಹಾಕಲು ಹೋಗುವುದೆಂದರೇನು! ಅರವತ್ತೇಳರಲ್ಲಿ ಅವನ ವಿಮಾನ ವಿಯೆಟ್ನಾಮಿನ ಹನೋಯಿಯ ಹತ್ತಿರ ಬಿತ್ತು, ಅವನು ಸೆರೆ ಸಿಕ್ಕ. ಮರು ವರ್ಷವೇ ಹಲ್ಡಾಳ ಮಗ ಗೇಲನ್ ಯುದ್ಧಕ್ಕೆ ಹೋಗಲಾರೆ ಎಂದು ಸೇನೆಯ ಕರೆಚೀಟಿ ಹಿಂದಿರುಗಿಸಿ ಜೈಲಿಗೆ ಹೋದ. ಒಬ್ಬಳ ಮಗ ಬಾಂಬು ಹಾಕಿ ಜೈಲಿನಲ್ಲಿ, ಇನ್ನೊಬ್ಬಳ ಮಗ ಹಾಕುವುದಿಲ್ಲವೆಂದು ಜೈಲಿನಲ್ಲಿ. ಇಬ್ಬರು ತಾಯಂದಿರೂ ಆ ಮೂರನೆಯ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತರು. ಆಡಂಬರವೆಂದು ಮದುವೆಯುಂಗುರವನ್ನೂ ತೊಡದ ಹಲ್ಡಾ, ಸೆರೆಯಾಳುಗಳ ಹೆಸರು ಕೊರೆದ ಲೋಹದ ಕಡಗಗಳು ಬಂದ ಮೇಲೆ ಲೋವೆಲ್‌ನ ಹೆಸರಿನದೊಂದನ್ನು ತರಿಸಿಕೊಂಡು ಕೈಗೆ ಹಾಕಿಕೊಂಡಿದ್ದಳು. ಹಾಲು ಕರೆಯುವಾಗಲೂ ತೆಗೆಯುತ್ತಿರಲಿಲ್ಲ. ಹೋದ ವರ್ಷ ಮಾರ್ಚಿನಲ್ಲಿ ಲೋವೆಲ್ ಬಿಡುಗಡೆಯಾಗಿ ಬಂದ ದಿನ ಅದನ್ನು ತೆಗೆದು ಅವನ ಕೈಗೇ ಕೊಟ್ಟು, "ನಿನ್ನದು ನೀನೇ ಇಟ್ಕೋ, ನನ್ನ ಕೈ ಕಪ್ಪಾಗಿ ಹೋಯ್ತು" ಎಂದು ನಕ್ಕಿದ್ದಳು.

ಹಾಗೆ ಮಗನನ್ನು ಮನೆಗೆ ಕರೆಸಿದವನು ನಿಕ್ಸನ್. ಓರ್ಫಾಳ ಲೆಕ್ಕ ಅಷ್ಟೇ. ಶಾಂತಿಗೆ ಸಹಿ ಹಾಕಿದ, ಸೆರೆಯಾಳುಗಳನ್ನು ಬಿಡಿಸಿದ. ಹಿಂದಿನ ಅಧ್ಯಕ್ಷನ ಕೈಲಿ ಆಗದ್ದನ್ನು ಮಾಡಿದ. ಅವನ ಮಾತುಗಳ ಟೇಪು, ಆ ಕಳ್ಳತನ, ವಕೀಲರು, ಅದೆಲ್ಲ ರೇಡಿಯೋದಲ್ಲಿ ಬಂದಾಗ ಅವಳು ಕಿವಿಗೊಟ್ಟು ಕೇಳುತ್ತಿದ್ದಳು, ನಂಬುತ್ತಲೂ ಇದ್ದಳು. ಅವನು ಸುಳ್ಳ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಆದರೆ ಮೇಲಿನ ಕೋಣೆಯಲ್ಲಿ ಮಗ ನಡೆದಾಡುವ ಸದ್ದು ಕೇಳುವಾಗ, ಆ ಸದ್ದನ್ನು ಕೊಟ್ಟವನನ್ನು ಹೊರಗೆ ಹಾಕಿ ಎಂದು ಬರೆಯುವ ಹೆಂಗಸು ತಾನಾಗಲಾರೆ ಎನಿಸುತ್ತಿತ್ತು.

ಊರಿನ ಉಳಿದವರಿಗೆ ಇದು ತಮಾಷೆಯಾಗಿತ್ತು. ಪಶು ಆಹಾರದ ಅಂಗಡಿಯ ವರ್ಲಿನ್ ಕ್ರೌಸ್ ಲುಥೆರನ್ ಚರ್ಚಿನವನು, ಬಾಯಿ ದೊಡ್ಡದು. ಅವಳು ಕೋಳಿಗಳಿಗೆ ಕಾಳು ತರಲು ಹೋದಾಗ ಗಟ್ಟಿಯಾಗಿ ಕೂಗಿದ.

"ಬನ್ನಿ ಓರ್ಫಮ್ಮಾ ಬನ್ನಿ! ನಿಮ್ಮ ಸಭೇಲಿ ಗಂಡಸು ಅಂತ ಇರೋರು ನೀವೊಬ್ರೇ ನೋಡಿ. ಚೀನಾಕ್ಕೆ ಹೋಗಿ ಬಂದೋರು ಯಾರು? ರಷ್ಯಾದೋರಿಗೆ ನಮ್ಮ ಜೋಳ ಮಾರ್ಸಿ ನಮ್ಮ ಜೇಬು ತುಂಬ್ಸಿದ್ದು ಯಾರು? ಯಾವನೋ ಬೀಗ ಮುರಿದ ಅಂತ ಅಂಥೋರ್ನ ಕೆಳಗಿಳಿಸೋದಾ? ನಿಮ್ಮೋರಿಗೆ ಸ್ವಲ್ಪಾನಾದ್ರೂ ನಿಯತ್ತು ಬೇಡ್ವಾ?"

"ಕಾಳು ಕಟ್ಟು, ವರ್ಲಿನ್ ಕ್ರೌಸ್" ಎಂದಳು ಓರ್ಫಾ.

ಅವನು ಹೊಗಳಿದ್ದಕ್ಕೆ ಅವಳಿಗೆ ಮೈ ಉರಿಯಿತು. ತಾನು ಇವನ ಕಡೆಯವಳೇ? ಹಿಂದೆ ಅಡ್ಡ ನಿಂತವರಿಗೆ ಬೆನ್ನಿಗೊಬ್ಬರಾದರೂ ಇರುತ್ತಿದ್ದರು. ಅವಳ ಬೆನ್ನಿಗೆ ನಿಂತವನು ವರ್ಲಿನ್ ಕ್ರೌಸ್ ಒಬ್ಬನೇ ಎನ್ನುವುದು ಅವಳಿಗೆ ಅವಮಾನವೆನಿಸಿತು.

ಅದೇ ವಾರ ಎಲಮ್ ಪಿಕೆಟ್ ಮನೆಗೆ ಬಂದ. ಅವನ ಜೊತೆ ಹಲ್ಡಾ, ಕೈಯಲ್ಲಿ ಚೆರಿ ಪೈ. ದಾರಿ ತಪ್ಪಿದವರ ಮನೆಗೆ ಇಬ್ಬರು ಹೋಗಿ ಕೂತು ಬರುವುದು ಹಳೆಯ ರೂಢಿ. ಓರ್ಫಾ ಎಷ್ಟೋ ಮನೆಗಳಿಗೆ ಹಾಗೆ ಹೋದವಳು. ಈಗ ತನ್ನ ಅಡುಗೆಮನೆಯಲ್ಲೇ ತಾನು ಆ ಇನ್ನೊಂದು ಕುರ್ಚಿಯಲ್ಲಿ ಕೂರಬೇಕಾಗಿ ಬಂತು. ಮೂವರೂ ಸುಮ್ಮನೆ ಕೂತರು.

"ನಿನ್ನ ಮೇಲೆ ಒತ್ತಾಯ ಇಲ್ಲ ಓರ್ಫಾ" ಎಂದ ಎಲಮ್ ಕೊನೆಗೆ. "ನಿನಗೆ ಒಳಗಿನ ಬೆಳಕು ಹೇಗೆ ಕಾಣ್ಸುತ್ತೋ ಹಾಗೆ ನಡಿ. ಅದು ಬೆಳಕೋ ಅಲ್ವೋ ಅಂತ ಇನ್ನೊಂದ್ಸಲ ನೋಡ್ಕೋ ಅಂತಷ್ಟೇ ಹೇಳಕ್ಕೆ ಬಂದ್ವಿ."

"ನೋಡ್ಕೊಂಡೇ ಎದ್ದು ನಿಂತಿದ್ದು."

ಹಲ್ಡಾ ಮೇಜಿನ ಮೇಲಿನ ಪೈಯನ್ನೇ ನೋಡುತ್ತಿದ್ದಳು. ಹೊರಡುವಾಗ ಎಲಮ್ ಮುಂದೆ ಹೋದ ಮೇಲೆ ಬಾಗಿಲಲ್ಲಿ ನಿಂತಳು.

"ನನ್ನ ಗೇಲನ್ ಜೈಲಿಂದ ಬಂದಾಗ ಹಲ್ಲು ಹಾಳಾಗಿದ್ವು" ಎಂದಳು. "ಇವತ್ತಿಗೂ ಊರಿಗೆ ಬರಕ್ಕೆ ನಾಚ್ಕೋತಾನೆ. ವರ್ಲಿನ್ ಅಂಗ್ಡೀಲಿ ಅವನ್ನ ಹೇಡಿ ಅಂತಾರೆ. ಹೇಡಿ ಅನ್ನೋದನ್ನ ಕಲಿಸಿದ್ದು ಯಾರು? ಆ ನಿಕ್ಸನ್ ಪರವಾಗಿ ನೀನು ನಿಲ್ತೀಯಲ್ಲೇ, ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತೋಳು!"

"ಅವನ ಪರವಾಗಲ್ಲ ಕಣೆ ಹಲ್ಡಾ. ನನ್ನ ಮಗನ ಪರವಾಗಿ."

"ನಿನ್ನ ಮಗ ಕೇಳಿದ್ನಾ?"

ಹಲ್ಡಾ ಬೂದು ಉಡುಪಿನ ತೋಳಿನಿಂದ ಮೂಗೊರೆಸಿಕೊಂಡು ಮೆಟ್ಟಿಲಿಳಿದಳು. ಪೈ ತುಂಬ ಚೆನ್ನಾಗಿತ್ತು. ಓರ್ಫಾ ಅದನ್ನು ಮೂರು ದಿನ ಒಬ್ಬಳೇ ತಿಂದಳು. ಲೋವೆಲ್ ಸಿಹಿ ತಿನ್ನುತ್ತಿರಲಿಲ್ಲ.

*

ಮಗ ಕೇಳಿರಲಿಲ್ಲ, ನಿಜ. ಅವನು ಏನನ್ನೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಏಳುತ್ತಿದ್ದ, ಬೇಲಿ ಸರಿಮಾಡುತ್ತಿದ್ದ, ಹಂದಿಗಳಿಗೆ ಮೇವು ಹಾಕುತ್ತಿದ್ದ. ಹನೋಯಿಯಲ್ಲಿ ಹಗ್ಗ ಕಟ್ಟಿ ಎಳೆದಿದ್ದರಿಂದ ಅವನ ತೋಳುಗಳು ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಅವಳು ತಟ್ಟೆ ಬಟ್ಟಲುಗಳನ್ನೆಲ್ಲ ಮೇಲಿನ ಹಲಗೆಯಿಂದ ಕೆಳಗಿನದಕ್ಕೆ ಇಳಿಸಿಟ್ಟಿದ್ದಳು. ಅದರ ಬಗ್ಗೆಯೂ ಅವರು ಮಾತಾಡಿರಲಿಲ್ಲ. ಬಂದ ವರ್ಷ ಅವಳು ಅವನಿಗಿಷ್ಟವೆಂದು ಕುಂಬಳಕಾಯಿಯ ಪೈ ಮಾಡಿದಾಗ ಅವನು ತಟ್ಟೆ ಸರಿಸಿ ಹೊರಗೆ ಹೋಗಿದ್ದ. ಅಂದಿನಿಂದ ಹಿತ್ತಲಲ್ಲಿ ಕುಂಬಳ ಹಾಕುವುದನ್ನೇ ಬಿಟ್ಟಿದ್ದಳು. ಆರು ವರ್ಷ ಮಗನಿಲ್ಲದ ಮನೆಯಲ್ಲಿ ಅವಳು ದಿನವೂ ಅವನ ಜೊತೆ ಮಾತಾಡಿದ್ದಳು. ಅವನು ಬಂದ ಮೇಲೆ ಅದೂ ನಿಂತುಹೋಗಿತ್ತು.

ಆಗಸ್ಟಿನ ಎರಡನೆಯ ಗುರುವಾರ ಸಂಜೆ ಅಧ್ಯಕ್ಷ ಮಾತಾಡುತ್ತಾನೆಂದು ರೇಡಿಯೋ ಮಧ್ಯಾಹ್ನದಿಂದಲೇ ಹೇಳುತ್ತಿತ್ತು. ಬಿಸಿಲು ಇನ್ನೂ ಜೋಳದ ಸೂಲಂಗಿಗಳ ಮೇಲಿತ್ತು. ಓರ್ಫಾ ಹೊಸ ತೆನೆಗಳನ್ನು ಬೇಯಿಸಿ ಮೇಜಿನ ಮೇಲಿಟ್ಟಿದ್ದಳು. ಇಬ್ಬರೂ ತಿನ್ನುತ್ತಾ ಕೇಳಿದರು. ನಾಳೆ ಮಧ್ಯಾಹ್ನಕ್ಕೆ ರಾಜೀನಾಮೆ ಎಂದಿತು ಆ ದನಿ. ಆಮೇಲೆ ಚೀನಾದ ಮಾತು, ರಷ್ಯಾದ ಮಾತು, ಯುದ್ಧ ಮುಗಿಸಿದ ಮಾತು. ಲೋವೆಲ್ ಎದ್ದು ರೇಡಿಯೋ ಆರಿಸಿದ.

"ಪಾಪ" ಎಂದಳು ಓರ್ಫಾ. "ಏನೇ ಆಗ್ಲಿ, ನಿನ್ನ ಕರ್ಕೊಂಡು ಬಂದೋನು."

"ಹ್ಞೂಂ."

"ನಿನಗೆ ಬೇಜಾರಾಗಲ್ವೇನೋ?"

ಅವನು ತೆನೆಯ ದಿಂಡನ್ನು ತಟ್ಟೆಯಲ್ಲಿಟ್ಟು ಬೆರಳೊರೆಸಿಕೊಂಡ.

"ಅಮ್ಮಾ, ಸಭೇಲಿ ನೀನು ನನಗೋಸ್ಕರ ಎದ್ದು ನಿಲ್ತಿದ್ದೀಯ ಅಂತ ಗೊತ್ತು. ಕಿಟಕಿ ತೆಗ್ದಿರುತ್ತೆ, ಎಲ್ಲಾ ಕೇಳ್ಸುತ್ತೆ. ಅವನು ನಮ್ಮನ್ನ ಹೆಂಗೆ ಬಿಡಿಸ್ದ ಅಂತ ನಿನಗೆ ಗೊತ್ತಾ?"

"ಪ್ಯಾರಿಸ್ಸಲ್ಲಿ ಮಾತುಕತೆ..."

"ಅದಕ್ಕೆ ಮುಂಚೆ. ಕ್ರಿಸ್‌ಮಸ್ ವಾರ. ಹನೋಯಿ ಮೇಲೆ ಬಾಂಬ್ ಹಾಕಿದ್ರು ನೋಡು, ದೊಡ್ಡ ದೊಡ್ಡ ವಿಮಾನ, ರಾತ್ರಿ ಮೇಲೆ ರಾತ್ರಿ. ಮೇಲಿಂದ ಗಾರೆ ಉದುರಿ ನಮ್ಮ ಮೈಮೇಲೆ ಬೀಳ್ತಿತ್ತು. ನಾವೇನು ಮಾಡಿದ್ವಿ ಗೊತ್ತಾ? ಚಪ್ಪಾಳೆ ಹೊಡೆದ್ವಿ. ಒಬ್ರೂ ಬಿಡ್ದೆ. ಕೈ ಮೇಲೆತ್ತಕ್ಕಾಗ್ದೋರೆಲ್ಲ ಎದೆ ಹತ್ರಾನೇ ಹೊಡೆದ್ವಿ. ಈಗ ಮನೆಗೆ ಹೋಗ್ತೀವಿ ಅಂತ ಗೊತ್ತಾಗಿತ್ತು."

ಓರ್ಫಾ ಕೈಯಲ್ಲಿದ್ದ ತೆನೆಯನ್ನು ತಟ್ಟೆಗೆ ಇಳಿಸಿದಳು.

"ಒಬ್ಳು ಹೆಂಗಸಿದ್ಲು. ಬಕೀಟಲ್ಲಿ ಕುಂಬಳಕಾಯಿ ಸಾರು ತರೋಳು. ನಿನ್ನ ವಯಸ್ಸಿರಬಹುದು. ಕಾವಲಿನೋನು ನೋಡ್ದೆ ಇದ್ದಾಗ ನನಗೆ ತಳದ ಹೋಳು ಹಾಕೋಳು. ಆ ವಾರದ್ಮೇಲೆ ಅವಳು ಬರ್ಲಿಲ್ಲ. ಬೇರೆಯೋನು ಬಕೀಟು ತಂದ. ನಾನು ಅವಳೆಲ್ಲಿ ಅಂತ ಕೇಳ್ಲಿಲ್ಲ. ಸಾರು ಕುಡ್ದೆ."

ಅವನು ತನ್ನ ತಟ್ಟೆ ತೊಳೆದಿಟ್ಟು ಮೇಲೆ ಹೋದ. ಹದಿನೇಳು ತಿಂಗಳಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಓರ್ಫಾ ಕೂತೇ ಇದ್ದಳು. ಜನ ಸಾಯುತ್ತಿರುವಾಗ ತನ್ನ ಮಗ ಚಪ್ಪಾಳೆ ಹೊಡೆದ ಎಂದು ಅಳು ಬರಬೇಕಿತ್ತು. ಬರಲಿಲ್ಲ. ಆ ಹೆಂಗಸಿಗಾಗಿ ಮನಸ್ಸು ಮರುಗಬೇಕೆಂದು ತನಗೆ ತಾನೇ ಹೇಳಿಕೊಂಡಳು, ಮರುಗಿತೂ ಕೂಡ. ಆದರೆ ಅವಳನ್ನೂ ಲೋವೆಲ್‌ನನ್ನೂ ಎದುರಿಗಿಟ್ಟು ಯಾರು ಬೇಕು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ತನಗೆ ಒಂದು ಗಳಿಗೆಯೂ ಬೇಡ ಎನ್ನುವುದು ಅವಳಿಗೆ ಆಗಲೇ ಗೊತ್ತಾಗಿಹೋಗಿತ್ತು. ಹುಟ್ಟಿದಾಗಿನಿಂದ ಕ್ವೇಕರ್ ಆಗಿ ಬದುಕಿದವಳಿಗೆ ಇದು ಭಯ ಹುಟ್ಟಿಸಿತು.

*

ಭಾನುವಾರ ಸಭಾಮನೆ ತುಂಬಿತ್ತು. ಎಲ್ಲರ ಮುಖದಲ್ಲೂ ಹಗುರವಾದ ಭಾವ. ಮೌನದ ಪ್ರಾರ್ಥನೆ ಮುಗಿದು ವ್ಯವಹಾರಕ್ಕೆ ಬಂದಾಗ ಎಲಮ್ ಪಿಕೆಟ್ ಪುಸ್ತಕ ತೆರೆದ.

"ರಿಚರ್ಡ್ ನಿಕ್ಸನ್ ವಿಷ್ಯ ಒಂದು ಬಾಕಿ ಇದೆ. ಈಗ ಅವನೇ ಕುರ್ಚಿ ಬಿಟ್ಟು ಮನೆಗೆ ಹೋಗಿದ್ದಾನೆ. ಬಿದ್ದೋನ ಮೇಲೆ ಕಲ್ಲು ಹಾಕೋದು ಬೇಡ ಅಂತ ಕೆಲವು ಗೆಳೆಯರು ಹೇಳ್ತಿದ್ದಾರೆ. ಇದನ್ನ ಇಲ್ಲಿಗೇ ಬಿಟ್ಟುಬಿಡಬಹುದು ಅಂತ ನನಗೂ ಕಾಣ್ಸುತ್ತೆ."

ತಲೆಗಳು ಬಾಗತೊಡಗಿದವು. ಎಷ್ಟು ಸುಲಭವಾಗಿತ್ತು! ಓರ್ಫಾಳೂ ಬಾಗಿಸಿದ್ದರೆ ಆಯಿತು. ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ. ಬರುವ ವಾರವಲ್ಲದಿದ್ದರೆ ಅದರ ಮುಂದಿನ ವಾರ ಹಲ್ಡಾ ಮೂರನೆಯ ಬೆಂಚಿಗೆ ಬಂದು ಕೂರುತ್ತಿದ್ದಳು. ಓರ್ಫಾಳಿಗೆ ಅದು ಬೇಕಾಗಿತ್ತು, ಬಾಯಾರಿದವಳಿಗೆ ನೀರು ಬೇಕಾದಷ್ಟು. ಮುಂದಿನ ಬೆಂಚು ಹಿಡಿದು ಎದ್ದಳು. ಮತ್ತೆ ಎದ್ದಳಲ್ಲಪ್ಪಾ ಎಂದು ಯಾರೋ ಉಸಿರು ಬಿಟ್ಟದ್ದು ಕೇಳಿಸಿತು.

"ನಾನು ಮೂರು ತಿಂಗಳು ಅಡ್ಡ ನಿಂತೆ" ಎಂದಳು. "ಆ ಮನುಷ್ಯ ಶಾಂತಿ ಮಾಡಿ ನನ್ನ ಮಗನ್ನ ಮನೆಗೆ ಕಳಿಸ್ದ, ಅದಕ್ಕೆ ನಿಲ್ತೀನಿ ಅಂದ್ಕೊಂಡಿದ್ದೆ. ಹಾಗಲ್ಲ. ಬಾಂಬ್ ಹಾಕಿ ಕಳಿಸ್ದ. ಕ್ರಿಸ್‌ಮಸ್ ವಾರ ಹನೋಯೀಲಿ ಬಿದ್ದ ಬಾಂಬ್‌ಗೇ ನನ್ನ ಮಗ ಬಂದಿದ್ದು. ಅದು ಗೊತ್ತಾದ್ಮೇಲಾದ್ರೂ ನನ್ನ ಮನಸ್ಸು, ಅಯ್ಯೋ ಹಾಗಾದ್ರೆ ಬೇಡಾಗಿತ್ತು ಅನ್ನತ್ತೇನೋ ಅಂತ ಕಾದೆ. ಮೂರು ದಿನ ಕಾದೆ. ಅನ್ಲಿಲ್ಲ."

ಮಗ ಚಪ್ಪಾಳೆ ಹೊಡೆದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಅವನದು, ತನ್ನ ಬಾಯಿಂದ ಹೊರಗೆ ಬೀಳಬಾರದು. ಕಿಟಕಿಗಳು ತೆರೆದಿದ್ದವು.

"ಆ ರಾತ್ರಿ ನಾನು ಅಲ್ಲಿದ್ದಿದ್ರೆ ಚಪ್ಪಾಳೆ ಹೊಡೀತಿದ್ದೆ" ಎಂದಳು. "ಅಲ್ಲಿ ಸತ್ತೋರಲ್ಲಿ ನನ್ನ ಮಗನಿಗೆ ಅನ್ನ ಹಾಕಿದೋಳೂ ಇದ್ಳೇನೋ, ಆದ್ರೂ ಹೊಡೀತಿದ್ದೆ. ಇದನ್ನ ಇಲ್ಲಿಗೇ ಬಿಡೋದು ಬೇಡ ಎಲಮ್ ಪಿಕೆಟ್. ಬರೀ. ನಾನಿನ್ನು ಅಡ್ಡ ಇಲ್ಲ. ಆದ್ರೆ ಅವನ ಹೆಸರು ಹೊಡೀರಿ ಅಂತ ಬರೆಯೋದಾದ್ರೆ, ಅದರ ಕೆಳಗೆ ಹೊಡೆದುಹಾಕೋಕೆ ನನ್ನ ಹೆಸರೂ ಬರ್ಕೋ."

ಕೂತಳು. ಮಿಲ್‌ಗ್ರೋವಿನವರಿಗೆ ಮೌನ ಹೊಸತಲ್ಲ, ಆದರೆ ಅಂಥ ಮೌನ ಅವರಿಗೂ ಹೊಸತು. ಯಾರೂ ತಲೆ ಬಾಗಿಸಲಿಲ್ಲ, ಯಾರೂ ಎತ್ತಲಿಲ್ಲ. ಐದನೆಯ ಬೆಂಚಿನಲ್ಲಿ ಹಲ್ಡಾ ಎಡಗೈಯಿಂದ, ಹಿಂದೆ ಕಡಗವಿದ್ದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ಎಲಮ್ ಪಿಕೆಟ್ ಲೇಖನಿ ಎತ್ತಿಕೊಂಡ, ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ತುಂಬ ಹೊತ್ತಿನ ಮೇಲೆ, "ಒಂಬತ್ತನೇ ತಿಂಗಳಿಗೆ ನೋಡೋಣ" ಎಂದ. ಬೇರೇನೂ ತೋಚದ ಮುದುಕನ ದನಿ ಅದು.

ಆಮೇಲೆ ಪಕ್ಕದವನ ಕೈ ಹಿಡಿದು ಕುಲುಕಿದ. ಕೈಗಳು ಕೈಗಳನ್ನು ಹುಡುಕಿದವು. ಆ ಸದ್ದು ಮೊದಲನೆಯ ಬೆಂಚಿಗೆ ಬಂತು, ಎರಡನೆಯದಕ್ಕೆ ಬಂತು, ನಾಲ್ಕನೆಯದಕ್ಕೆ ಹೋಯಿತು. ಓರ್ಫಾಳ ಮುಂದೆ ಕೂತಿದ್ದವಳು ಅರ್ಧ ತಿರುಗಿ, ಏನು ಮಾಡಬೇಕೆಂದು ತೋಚದೆ ಮತ್ತೆ ಮುಂದಕ್ಕೆ ತಿರುಗಿದಳು. ಓರ್ಫಾ ಟೊಪ್ಪಿ ಕಟ್ಟಿಕೊಂಡು ಹೊರಗೆ ಬಂದಳು.

ಪಿಕಪ್ಪಿನ ಬಾಗಿಲು ಬಿಸಿಯಾಗಿತ್ತು. ಹತ್ತಿ ಕೂತು ಬಾಗಿಲೆಳೆದುಕೊಂಡಳು. ಲೋವೆಲ್ ಎರಡೂ ಕೈಗಳನ್ನು ಸ್ಟೀರಿಂಗ್ ಚಕ್ರದ ಕೆಳಭಾಗದಲ್ಲಿ ಇಟ್ಟುಕೊಂಡು ಎದುರಿಗೆ ನೋಡುತ್ತಿದ್ದ.

"ಕಿಟಕಿ ತೆಗ್ದಿತ್ತು ಅಮ್ಮಾ" ಎಂದ.

"ಗೊತ್ತು."

ಅವನು ಗಾಡಿ ಹೊರಡಿಸಲಿಲ್ಲ. ಜನ ಬಾಗಿಲಿನಿಂದ ಇಳಿದು ಬಂದರು, ಪಿಕಪ್ಪಿನ ಕಡೆ ನೋಡದೆ ತಮ್ಮ ತಮ್ಮ ಗಾಡಿಗಳಿಗೆ ಹೋದರು. ಒಂದೊಂದೇ ಗಾಡಿ ಜಲ್ಲಿ ರಸ್ತೆಗೆ ತಿರುಗಿ ಧೂಳೆಬ್ಬಿಸಿತು. ಓರ್ಫಾ ಬೈಗುಳಕ್ಕೆ ಕಾದಳು. ಬೈದರೂ ಸರಿ, ಮಾತಾಡಲಿ ಎಂದು ಕಾದಳು. ಅವನ ಉಸಿರು ಕೇಳಿಸುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡು, ಒಳಗೆ ಕೂತಂತೆಯೇ ಕೂತಳು. ಅವನೂ ಹಾಗೇ ಕೂತಿದ್ದ.

ಕೊನೆಯ ಗಾಡಿಯೂ ಹೋದ ಮೇಲೆ ಅವನು ಚಕ್ರದಿಂದ ಬಲಗೈ ತೆಗೆದ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಎಷ್ಟು ಚಾಚಲು ಆಗುತ್ತದೋ ಅಷ್ಟೇ ಚಾಚಿದ. ಚಿಕ್ಕಂದಿನಲ್ಲಿ ಮೂರನೆಯ ಬೆಂಚಿನಲ್ಲಿ ಅವಳ ಪಕ್ಕ ಕೂತು, ಸಭೆ ಮುಗಿಯುವುದನ್ನೇ ಕಾಯುತ್ತ ಚಾಚುತ್ತಿದ್ದನಲ್ಲ, ಹಾಗೆ. ಓರ್ಫಾ ಉಳಿದಷ್ಟು ದೂರ ತಾನೇ ಬಾಗಿ ಅವನ ಕೈ ಹಿಡಿದಳು. ರಸ್ತೆಯ ಧೂಳು ಜೋಳದ ಎಲೆಗಳ ಮೇಲೆ ಇಳಿಯುವವರೆಗೂ ಅವರು ಕೈ ಬಿಡಲಿಲ್ಲ.